ಮರಳುಚೀಲದಲ್ಲಿ ಮರಳೇ ಇರಬೇಕೆ?

ಈ ಮೇಜಿನ ಮೇಲೆ ಎರಡು ಚೀಲಗಳನ್ನು ಇಟ್ಟಿದ್ದೇನೆ. ಎರಡೂ 10 ಕಿಲೋ ತೂಗುತ್ತವೆ. ಬರುವ ಮುನ್ನ ತಕ್ಕಡಿಗೆ ಹಾಕಿ ನೋಡಿಯೇ ತಂದೆ. ಎಡಗಡೆಯದು ಸಣ್ಣ ದಿಂಬಿನಷ್ಟು ಉಬ್ಬಿಕೊಂಡಿದೆ, ಬಲಗಡೆಯದು ಒಂದು ದಪ್ಪ ನಿಘಂಟಿಗಿಂತ ಹೆಚ್ಚು ಜಾಗ ಹಿಡಿಯುವುದಿಲ್ಲ. ಎಡಗಡೆಯದರಲ್ಲಿ ತೊಳೆದು ಒಣಗಿಸಿದ ಮರಳಿದೆ, ಬಲಗಡೆಯದರಲ್ಲಿ ಉಕ್ಕಿನ ಗುಂಡುಗಳಿವೆ. ಸಿನಿಮಾ ಚಿತ್ರೀಕರಣದ ಸೆಟ್ಟಿನಲ್ಲಿ ದೀಪದ ಸ್ಟ್ಯಾಂಡುಗಳು ಉರುಳದಂತೆ ಹೇರಲು ಎರಡನ್ನೂ ನಾವು ಸ್ಯಾಂಡ್‌ಬ್ಯಾಗ್ ಎಂದೇ ಕೂಗಿ ತರಿಸಿಕೊಳ್ಳುತ್ತೇವೆ, ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಆ ಕೇಳದ ಪ್ರಶ್ನೆಯನ್ನೇ ಇವತ್ತು ಸ್ವಲ್ಪ ಹೊತ್ತು ಕೇಳೋಣ ಎಂದುಕೊಂಡಿದ್ದೇನೆ.

ಚೀಲಕ್ಕೆ ಏನು ತುಂಬಬೇಕೆಂದು ನನ್ನನ್ನು ವಿಚಾರಿಸುವವರು ಸಾಮಾನ್ಯವಾಗಿ ತೂಕದಿಂದ ಮಾತು ಶುರುಮಾಡುತ್ತಾರೆ. ಯಾವುದು ಹೆಚ್ಚು ಭಾರ, ಯಾವುದು ಅಗ್ಗ ಎಂಬುದಷ್ಟೇ ಅವರಿಗೆ ಬೇಕಾಗಿರುತ್ತದೆ. ನಾನು ತಿರುಗಿ ಕೇಳುವುದು ಬೇರೆ: ಈ ಚೀಲ ಹರಿಯುವ ದಿನ ಎಲ್ಲಿರುತ್ತದೆ? ಏಕೆಂದರೆ ದಿನಕ್ಕೆ ಹತ್ತಾರು ಸಲ ಎತ್ತಿ ಹಾಕುವ, ವಾಹನದಲ್ಲಿ ಎಸೆಯುವ, ನೆಲದ ಮೇಲೆ ಎಳೆಯುವ ಚೀಲ ಒಂದಲ್ಲ ಒಂದು ದಿನ ಹರಿದೇ ಹರಿಯುತ್ತದೆ. ಆ ದಿನ ಅದರಿಂದ ಹೊರಬೀಳುವ ವಸ್ತು ಕ್ಯಾಮೆರಾದ ಪಕ್ಕದಲ್ಲಿ, ನಟರ ಕಾಲ ಕೆಳಗೆ, ಅಥವಾ ಬೇರೆಯವರ ಮನೆಯ ನೆಲದ ಮೇಲೆ ಏನು ಮಾಡುತ್ತದೆ ಎಂಬುದನ್ನು ಮೊದಲೇ ಯೋಚಿಸಿದವರು ಆರಿಸುವ ವಸ್ತುವಿಗೂ, ತೂಕವನ್ನಷ್ಟೇ ನೋಡಿದವರು ಆರಿಸುವ ವಸ್ತುವಿಗೂ ವ್ಯತ್ಯಾಸವಿರುತ್ತದೆ.

ಹಾಗೆಂದು ತೂಕದ ಲೆಕ್ಕವನ್ನು ಬಿಡುವಂತಿಲ್ಲ, ಅದನ್ನು ಮೊದಲು ಮುಗಿಸೋಣ. ಒಂದೇ ಅಳತೆಯ ಗುಂಡುಗಳನ್ನು ಯಾವುದೇ ಪಾತ್ರೆಗೆ ಸುರಿದರೆ ಅವು ಆ ಜಾಗದ ಸುಮಾರು ಶೇಕಡಾ 60ರಷ್ಟನ್ನು ಮಾತ್ರ ತುಂಬುತ್ತವೆ. ಚೆನ್ನಾಗಿ ಕುಲುಕಿದರೆ ಶೇಕಡಾ 64ರ ವರೆಗೆ ಹೋಗಬಹುದು. ಉಳಿದದ್ದು ಗಾಳಿ. ಇಲ್ಲಿ ಅನೇಕರಿಗೆ ಅಚ್ಚರಿಯಾಗುವ ಸಂಗತಿಯೆಂದರೆ, ಗುಂಡು 1 ಮಿಲಿಮೀಟರಿನದಾಗಲಿ 4 ಮಿಲಿಮೀಟರಿನದಾಗಲಿ, ಈ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಣ್ಣ ಗುಂಡು ಹಾಕಿದರೆ ಚೀಲ ಹೆಚ್ಚು ಭಾರವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಈಗ ಮರಳಿನ ಕಣವಾದ ಸ್ಫಟಿಕಶಿಲೆಯ ಸಾಂದ್ರತೆ ಲೀಟರಿಗೆ 2.65 ಕಿಲೋ, ಉಕ್ಕಿನದು 7.85, ಸೀಸದ್ದು 11.34. ಇವುಗಳ ಶೇಕಡಾ 60ನ್ನು ತೆಗೆದುಕೊಂಡರೆ ಒಂದು ಲೀಟರ್ ಮರಳು ಸುಮಾರು 1.6 ಕಿಲೋ, ಒಂದು ಲೀಟರ್ ಉಕ್ಕಿನ ಗುಂಡು ಸುಮಾರು 4.7 ಕಿಲೋ, ಒಂದು ಲೀಟರ್ ಸೀಸದ ಗುಂಡು ಸುಮಾರು 6.8 ಕಿಲೋ ತೂಗುತ್ತವೆ. ಅಂದರೆ 10 ಕಿಲೋ ಚೀಲಕ್ಕೆ ನೀರಾದರೆ 10 ಲೀಟರ್, ಮರಳಾದರೆ 6.3 ಲೀಟರ್, ಉಕ್ಕಾದರೆ 2.1 ಲೀಟರ್, ಸೀಸವಾದರೆ 1.5 ಲೀಟರ್ ಜಾಗ ಬೇಕು. ಈ ನಾಲ್ಕು ಸಂಖ್ಯೆಗಳನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತವೆ.

ಗಾತ್ರ ಚಿಕ್ಕದಾದರೆ ವಾಹನದಲ್ಲಿ ಜಾಗ ಉಳಿಯುತ್ತದೆ ಎಂಬುದು ನಿಜವೇ, ಆದರೆ ಅದು ಮುಖ್ಯ ಕಾರಣವಲ್ಲ. ನಡುಗಂಬಕ್ಕೆ ಅಡ್ಡತೋಳು ಸಿಕ್ಕಿಸಿ ದೀಪ ಹಿಡಿಸುವ ಸಿ-ಸ್ಟ್ಯಾಂಡನ್ನೇ ನೋಡಿ. ಅದಕ್ಕೆ ಮೂರು ಕಾಲುಗಳು, ಒಂದೊಂದು ಒಂದೊಂದು ಎತ್ತರದಲ್ಲಿರುತ್ತವೆ. ಪ್ರತಿ ಕಾಲು ನಡುಗಂಬದಿಂದ 50 ಸೆಂಟಿಮೀಟರ್ ಚಾಚಿದೆ ಎಂದಿಟ್ಟುಕೊಳ್ಳಿ. ಕಾಲಿನ ದಿಕ್ಕಿನಲ್ಲಿ ಸ್ಟ್ಯಾಂಡಿಗೆ 50 ಸೆಂಟಿಮೀಟರ್ ಆಸರೆ ಇದೆ. ಎರಡು ಕಾಲುಗಳ ನಡುವಿನ ದಿಕ್ಕಿನಲ್ಲಿ ಅದರ ಅರ್ಧ, ಅಂದರೆ 25 ಸೆಂಟಿಮೀಟರ್ ಮಾತ್ರ. ತೋಳನ್ನು ಕಾಲಿನ ನೇರಕ್ಕೆ ತಿರುಗಿಸಿ ಎಂದು ಹಿರಿಯರು ಗದರುವುದು ಇದಕ್ಕೇ. ಈಗ 5 ಕಿಲೋ ಸ್ಟ್ಯಾಂಡಿನ ತೋಳಿನಲ್ಲಿ, ನಡುಗಂಬದಿಂದ ಒಂದು ಮೀಟರ್ ಆಚೆ, 5 ಕಿಲೋ ದೀಪವಿದೆ, ತೋಳು ಎರಡು ಕಾಲುಗಳ ನಡುವೆ ಚಾಚಿದೆ. ಉರುಳುವ ಅಂಚಿನಿಂದ ದೀಪ 75 ಸೆಂಟಿಮೀಟರ್ ಆಚೆಗಿದೆ, ಹಾಗಾಗಿ ಭಾರವನ್ನು ದೂರದಿಂದ ಗುಣಿಸಿದರೆ ಬೀಳಿಸುವ ಬಲ 375. ಸ್ಟ್ಯಾಂಡಿನ ಸ್ವಂತ ಭಾರ ಅಂಚಿನಿಂದ 25 ಸೆಂಟಿಮೀಟರ್ ಈಚೆಗಿದೆ, ಹಾಗಾಗಿ ತಡೆಯುವ ಬಲ 125. ಕೊರತೆ 250. ಚೀಲವನ್ನು ಕಂಬದ ಬುಡದಲ್ಲೇ ಹೇರಿದರೆ ಈ ಕೊರತೆ ತುಂಬಲು ಇಡೀ 10 ಕಿಲೋ ಬೇಕು, ಅದೂ ತಕ್ಕಡಿಯ ಮುಳ್ಳಿನ ಮೇಲೆ ನಿಂತಂತೆ. ಅದೇ ಚೀಲವನ್ನು ಹಿಂದಿನ ಕಾಲಿನ ಮೇಲೆ, ಕಂಬದಿಂದ 40 ಸೆಂಟಿಮೀಟರ್ ದೂರದಲ್ಲಿ ಜೋತುಬಿಟ್ಟರೆ 4 ಕಿಲೋಕ್ಕಿಂತ ಕಡಿಮೆಯಲ್ಲೇ ಸಮತೋಲ ಬರುತ್ತದೆ, ಉಳಿದ 6 ಕಿಲೋ ಯಾರಾದರೂ ಕೇಬಲ್ ಎಡವಿದಾಗ ಕಾಯುತ್ತದೆ.

ಆದರೆ ಇದು ಚೀಲ ಕಾಲಿನಿಂದ ಜೋತಾಡುತ್ತಿದ್ದರೆ ಮಾತ್ರ. ಕಾಲು ನೆಲದಿಂದ ಇರುವುದು ಗೇಣುದ್ದ. 10 ಲೀಟರಿನ ನೀರಿನ ಚೀಲವನ್ನೋ, ಬಿಗಿಯಾಗಿ ತುಂಬಿದ ದೊಡ್ಡ ಮರಳಿನ ಚೀಲವನ್ನೋ ಅಲ್ಲಿ ಹಾಕಿದರೆ ಅದರ ಹೊಟ್ಟೆ ನೆಲಕ್ಕೆ ತಾಗುತ್ತದೆ. ನೆಲಕ್ಕೆ ತಾಗಿದ ಭಾರವನ್ನು ಹೊರುವುದು ನೆಲವೇ ಹೊರತು ಸ್ಟ್ಯಾಂಡ್ ಅಲ್ಲ. ನೋಡುವವರಿಗೆ ಚೀಲ ಹಾಕಿದ್ದಾರೆ ಎಂದು ಕಾಣುತ್ತದೆ, ಲೆಕ್ಕಕ್ಕೆ ಅದು ಅರ್ಧವೂ ಇರುವುದಿಲ್ಲ. ಒಳಗಿನ ವಸ್ತುವಿನ ಸಾಂದ್ರತೆ ಕೆಲಸಕ್ಕೆ ಬರುವುದು ಇಲ್ಲಿ.

ಮಾತಿಗೆ ಮಾತು ಬಂದದ್ದರಿಂದ ಗಾಳಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಚೀಲದ ಮೇಲೆ ಅತಿಯಾದ ನಂಬಿಕೆ ಇಡುವವರನ್ನು ಹೊರಾಂಗಣದಲ್ಲಿ ಬಹಳ ಕಂಡಿದ್ದೇನೆ. 12 ಅಡಿಗೆ 12 ಅಡಿಯ ಚೌಕಟ್ಟಿಗೆ ಬಟ್ಟೆ ಕಟ್ಟಿ ನಿಲ್ಲಿಸಿದರೆ ಅದರ ವಿಸ್ತೀರ್ಣ 13 ಚದರ ಮೀಟರಿಗೂ ಹೆಚ್ಚು. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಆ ಬಟ್ಟೆಯ ಮೇಲೆ ಕನಿಷ್ಠ 80 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ, ಅದೂ ತಲೆಯೆತ್ತರದಲ್ಲಿ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಲ್ಲಿ ಸೀಸವೋ ಉಕ್ಕೋ ಎಂಬ ಚರ್ಚೆಗೆ ಅರ್ಥವಿಲ್ಲ; ಹಗ್ಗ, ಗೂಟ, ಹಿಡಿದುಕೊಳ್ಳುವ ಜನ ಬೇಕು, ಗಾಳಿ ಏರಿದರೆ ಬಟ್ಟೆ ಇಳಿಸಬೇಕು.

ಇನ್ನು ಮರಳು. ಹೆಸರೇ ಅದರದಾಗಿರುವುದರಿಂದ ಅದರ ಬಗ್ಗೆ ಹೆಚ್ಚು ಹೊತ್ತು ಮಾತನಾಡುವುದು ನ್ಯಾಯ. ಮರಳು ಎಲ್ಲೆಡೆ ಸಿಗುತ್ತದೆ, ಚೆಲ್ಲಿದರೆ ದುಃಖವಿಲ್ಲ, ಮೈಗೆ ತಕ್ಕಂತೆ ಬಾಗುತ್ತದೆ, ಕ್ಯಾಮೆರಾದ ಕೆಳಗೆ ಇಟ್ಟರೆ ಹಾಸಿಗೆಯಂತೆ ಕೂರುತ್ತದೆ. ಕುಂದು ಅದರ ತೇವದಲ್ಲಿದೆ. ಒದ್ದೆ ಮರಳು ಹೆಚ್ಚು ಭಾರ, ಹಾಗಾಗಿ ತೇವವಿದ್ದರೆ ಒಳ್ಳೆಯದೇ ಎಂದುಕೊಳ್ಳುವವರಿದ್ದಾರೆ. ಕಟ್ಟಡದ ಮೇಸ್ತ್ರಿಗಳನ್ನು ಕೇಳಿದರೆ ನಿಜ ಹೇಳುತ್ತಾರೆ. ಮರಳಿಗೆ ಶೇಕಡಾ 5ರಷ್ಟು ತೇವ ಹಿಡಿದರೆ ಕಣಗಳ ಸುತ್ತ ನೀರಿನ ಪೊರೆ ಬಂದು ಅವು ಒಂದರಿಂದೊಂದು ದೂರ ಸರಿಯುತ್ತವೆ, ರಾಶಿ ಶೇಕಡಾ 20ರಿಂದ 30ರಷ್ಟು ಹಿಗ್ಗುತ್ತದೆ. ಡಬ್ಬಿಯಲ್ಲಿ ಅಳೆದು ಅಂಥ ಮರಳನ್ನು ತುಂಬಿದರೆ ಚೀಲ ತುಂಬಿದಂತೆ ಕಾಣುತ್ತದೆ, ಆದರೆ ಒಳಗಿರುವುದು ಕಡಿಮೆ ಮರಳು. ಎರಡು ವಾರದಲ್ಲಿ ಅದು ಒಣಗಿ ಕುಸಿದಾಗ ಚೀಲ ಜೋಲಾಗಿ, ತೂಕವೂ ಇಳಿದಿರುತ್ತದೆ. ಒಣಗದೆ ಹೋದರೆ ಇನ್ನೂ ಕೆಟ್ಟದ್ದು: ಬೂಷ್ಟು ಹಿಡಿದು ವಾಸನೆ ಬರುತ್ತದೆ, ಬಟ್ಟೆಯ ನೂಲು ಕೊಳೆಯುತ್ತದೆ, ಮರದ ನೆಲದ ಮೇಲೆ ಕಲೆ ಉಳಿಯುತ್ತದೆ.

ಸಮುದ್ರದ ಮರಳು ನೋಡಲು ಎಷ್ಟೇ ಚೆಂದವಿದ್ದರೂ ಹಾಗೆಯೇ ತುಂಬಬೇಡಿ. ಅದರಲ್ಲಿರುವ ಉಪ್ಪು ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ, ಮೊದಲು ಜಿಪ್ಪನ್ನು, ಆಮೇಲೆ ಸ್ಟ್ಯಾಂಡಿನ ಕಾಲನ್ನು ತಿನ್ನುತ್ತದೆ. ಸಿಹಿನೀರಿನಲ್ಲಿ ಎರಡು ಮೂರು ಬಾರಿ ತೊಳೆದು ಒಣಗಿಸಿದರೆ ಆಗಬಹುದು, ಆದರೆ ಅಷ್ಟು ತಾಳ್ಮೆ ಇರುವವರು ಮೊದಲೇ ಬೇರೆ ಮರಳು ಹುಡುಕುತ್ತಾರೆ. ಕಲ್ಲು ಒಡೆದು ತಯಾರಿಸಿದ ಮರಳಿನಲ್ಲಿ ಕಣಗಳ ಮೂಲೆಗಳು ಚೂಪಾಗಿರುತ್ತವೆ, ಜೊತೆಗೆ ಕಲ್ಲಿನ ಪುಡಿಯೂ ಸೇರಿರುತ್ತದೆ. ಚೂಪು ಕಣ ಒಳಗಿನಿಂದಲೇ ಹೊಲಿಗೆಯನ್ನು ಅರೆಯುತ್ತದೆ. ಪುಡಿಯದು ಆರೋಗ್ಯದ ಪ್ರಶ್ನೆ. ಮರಳಿನ ಕಣ ದೊಡ್ಡದು, ಶ್ವಾಸಕೋಶದ ಆಳಕ್ಕೆ ಇಳಿಯಲಾರದು. ಆದರೆ ಅದರೊಂದಿಗೆ ಬರುವ, ಕೆಲವೇ ಮೈಕ್ರೋಮೀಟರ್ ಗಾತ್ರದ ಸಿಲಿಕಾ ದೂಳು ಇಳಿಯುತ್ತದೆ, ಇಳಿದದ್ದು ಹೊರಬರುವುದಿಲ್ಲ. ಸಿಲಿಕೋಸಿಸ್ ಎಂಬ ಕಾಯಿಲೆ ಗಣಿ ಕೆಲಸಗಾರರಿಗೆ ಹಳೆಯ ಪರಿಚಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಕೆಲಸದ ಸ್ಥಳದಲ್ಲಿ ಉಸಿರಿನೊಂದಿಗೆ ಒಳಹೋಗುವ ಈ ಸ್ಫಟಿಕರೂಪಿ ಸಿಲಿಕಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಒಂದು ಚೀಲ ಹರಿದರೆ ಯಾರಿಗೂ ಕಾಯಿಲೆ ಬರುವುದಿಲ್ಲ, ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಮುಚ್ಚಿದ ಗೋದಾಮಿನಲ್ಲಿ ಕೂತು ನೂರು ಚೀಲ ತುಂಬುವ ಹುಡುಗನಿಗೆ ತೊಳೆದ ಮರಳು, ಒಳ್ಳೆಯ ಮುಖಗವಸು, ತೆರೆದ ಅಂಗಳ ಮೂರೂ ಸಿಗಬೇಕು.

ಮರಳು ಸೋರುವ ರೀತಿಯೇ ಬೇರೆ. ಅದು ದೊಪ್ಪನೆ ಬೀಳುವುದಿಲ್ಲ, ಹೊಲಿಗೆಯ ಒಂದೇ ರಂಧ್ರದಿಂದ ಎಳೆಯಾಗಿ ಇಳಿಯುತ್ತದೆ. ನನ್ನ ಆರಂಭದ ವರ್ಷಗಳಲ್ಲಿ ಒಂದು ಒಳಾಂಗಣ ದೃಶ್ಯಕ್ಕೆ ಡಾಲಿಯ, ಅಂದರೆ ಕ್ಯಾಮೆರಾ ಹೊತ್ತು ಓಡುವ ಗಾಡಿಯ, ಹಳಿ ಹಾಕಿದ್ದೆವು. ಪ್ರತಿ ಟೇಕಿನಲ್ಲೂ ಒಂದೇ ಜಾಗದಲ್ಲಿ ಕ್ಯಾಮೆರಾ ಸಣ್ಣದಾಗಿ ನಡುಗುತ್ತಿತ್ತು. ಹಳಿಯ ಕೀಲು ನೋಡಿದೆವು, ಚಕ್ರ ಬಿಚ್ಚಿದೆವು, ನೆಲದ ಮಟ್ಟ ಅಳೆದೆವು. ಕೊನೆಗೆ ನಾನು ಹಳಿಯ ಮೇಲೆ ಬೆರಳೆಳೆದಾಗ ಬೆರಳ ತುದಿಗೆ ನಾಲ್ಕೈದು ಕಣ ಅಂಟಿಕೊಂಡು ಬಂದವು. ಬೆಳಿಗ್ಗೆ ಹಳಿಯನ್ನು ದಾಟಿಸಿ ಚೀಲವನ್ನು ಹೊತ್ತುಕೊಂಡು ಹೋದವನು ನಾನೇ. ಹಳಿಯ ಮೇಲಾದರೆ ಒರೆಸಿದರೆ ಹೋಯಿತು. ಲೆನ್ಸಿನ ಮೇಲೆ ಬಿದ್ದರೆ ಒರೆಸಬಾರದು. ಸ್ಫಟಿಕಶಿಲೆಯ ಗಡಸು ಮೋಸ್ ಮಾಪಕದಲ್ಲಿ 7, ಸಾಮಾನ್ಯ ಗಾಜಿನದು 5.5ರ ಆಸುಪಾಸು. ಬಟ್ಟೆಯಿಂದ ಒಮ್ಮೆ ಎಳೆದರೆ ಗೀರು ಶಾಶ್ವತ. ಊದುಗೊಳವೆಯಿಂದ ಊದಿ ತೆಗೆಯಬೇಕು.

ಸೋರಿಕೆಯ ಕಾಟಕ್ಕೆ ಬೇಸತ್ತವರಿಗೆ ಸುಲಭದ ಪರ್ಯಾಯ ಬಟಾಣಿ ಗಾತ್ರದ ನುಣುಪು ಜಲ್ಲಿ. ತೂಕ ಮರಳಿನಷ್ಟೇ, ದೂಳಿಲ್ಲ, ಹೊಲಿಗೆಯಿಂದ ನುಸುಳುವುದಿಲ್ಲ. ಆದರೆ ಮರಳಿನಂತೆ ಬಾಗುವುದಿಲ್ಲ, ಎತ್ತಿಟ್ಟಾಗಲೆಲ್ಲ ಕಟಕಟ ಸದ್ದು ಮಾಡುತ್ತದೆ. ಧ್ವನಿಮುದ್ರಣದವರು ನಿಮ್ಮನ್ನು ನೋಡುವ ನೋಟ ಬದಲಾಗುತ್ತದೆ.

ಉಕ್ಕಿನ ಗುಂಡಿಗೆ ಬರೋಣ; ನನ್ನ ಒಲವು ಇರುವುದು ಇದರ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಲೋಹದ ಮೇಲ್ಮೈ ಶುದ್ಧಿಗಾಗಿ ಕಾರ್ಖಾನೆಗಳಲ್ಲಿ ಬಳಸುವ, 1ರಿಂದ 2 ಮಿಲಿಮೀಟರಿನ ಗುಂಡುಗಳು ಇದಕ್ಕೆ ಹೊಂದುತ್ತವೆ. ಹೊಸದನ್ನೇ ತೆಗೆದುಕೊಳ್ಳಿ. ಒಮ್ಮೆ ಬಳಸಿದ ಗುಂಡು ಅಗ್ಗಕ್ಕೆ ಸಿಗುತ್ತದೆ, ಆದರೆ ಅದರೊಂದಿಗೆ ಹಳೆಯ ಬಣ್ಣದ ಚೂರು, ತುಕ್ಕಿನ ಪುಡಿ, ಒಡೆದ ಚೂಪು ತುಂಡುಗಳೂ ಬರುತ್ತವೆ. ಉಕ್ಕಿನ ದೊಡ್ಡ ಶತ್ರು ತೇವ. ಮಳೆಯಲ್ಲಿ ಒಮ್ಮೆ ನೆನೆದ ಚೀಲದ ಒಳಗೆ ಗುಂಡುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕಿತ್ತಳೆ ಬಣ್ಣದ ನೀರು ಬಟ್ಟೆಯಿಂದ ಒಸರುತ್ತದೆ. ಎಣ್ಣೆ ಸವರಿದರೆ ತುಕ್ಕು ತಪ್ಪುತ್ತದೆ, ಬದಲಿಗೆ ಎಣ್ಣೆಯೇ ಒಸರುತ್ತದೆ. ಹೀಗಾಗಿ ಗುಂಡುಗಳನ್ನು ಮೊದಲು ದಪ್ಪ ಪಿವಿಸಿ ಒಳಚೀಲದಲ್ಲಿ ಹಾಕಿ, ಬಾಯಿಯನ್ನು ಬಿಸಿಯಿಂದ ಬೆಸೆದು, ಆಮೇಲೆ ಹೊರಚೀಲಕ್ಕೆ ಸೇರಿಸುವುದೇ ಸರಿಯಾದ ದಾರಿ. ಒಳಗೆ ಏನಾಗಿದೆ ಎಂದು ತಿಳಿಯಲು ಬಿಚ್ಚಬೇಕಿಲ್ಲ. ಚೀಲದ ಒಂದು ತುದಿ ಹಿಡಿದು ನಿಧಾನವಾಗಿ ಎತ್ತಿ. ಗುಂಡುಗಳು ನೀರಿನಂತೆ ಸರ್ರನೆ ಇನ್ನೊಂದು ತುದಿಗೆ ಹರಿದರೆ ಕ್ಷೇಮ, ತಡೆದು ತಡೆದು ಉಂಡೆ ಬಿದ್ದಂತೆ ಇಳಿದರೆ ತುಕ್ಕು ಶುರುವಾಗಿದೆ.

ಹರಿಯುವ ದಿನದ ಪ್ರಶ್ನೆಯನ್ನು ಉಕ್ಕಿಗೂ ಕೇಳಲೇಬೇಕು. ನುಣುಪಾದ ಹಾಸುಗಲ್ಲಿನ ನೆಲದ ಮೇಲೆ ಇಂಥ ಚೀಲದ ಜಿಪ್ಪು ಬಾಯಿಬಿಟ್ಟದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಎರಡು ಹಿಡಿಯಷ್ಟು ಗುಂಡು ಚೆಲ್ಲಿತು ಅಷ್ಟೇ, ಇಡೀ ಕೋಣೆ ಬೇರಿಂಗಿನ ಮೇಲೆ ನಿಂತಂತಾಯಿತು. ಬ್ಯಾಟರಿ ಹಿಡಿದು ಬಂದವನೊಬ್ಬ ಜಾರಿ ಮೊಣಕೈ ಊರಿ ಬಿದ್ದ, ಪುಣ್ಯಕ್ಕೆ ಮೂಳೆಗೆ ಏನೂ ಆಗಲಿಲ್ಲ. ಆದರೆ ಉಕ್ಕಿಗೆ ಒಂದು ಗುಣವಿದೆ, ಅದನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ದೊಡ್ಡ ಅಯಸ್ಕಾಂತವೊಂದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಿಡಿದು ನೆಲದ ಮೇಲೆ ಆಡಿಸಿದರೆ ಗುಂಡುಗಳು ಮೇಜಿನ ಕೆಳಗಿನಿಂದಲೂ ಬಂದು ಅಂಟಿಕೊಂಡವು. ಕವರನ್ನು ಒಳಹೊರಗು ಮಗುಚಿ ಅಯಸ್ಕಾಂತ ಹೊರತೆಗೆದರೆ ಎಲ್ಲವೂ ಕವರಿನಲ್ಲೇ ಉಳಿದವು. ಹತ್ತು ನಿಮಿಷದ ಕೆಲಸ. ಅಂದಿನಿಂದ ನನ್ನ ಪೆಟ್ಟಿಗೆಯಲ್ಲಿ ಆ ಅಯಸ್ಕಾಂತ ಇದ್ದೇ ಇರುತ್ತದೆ.

ಸೀಸಕ್ಕೆ ಈ ಗುಣವಿಲ್ಲ, ಇರುವ ಗುಣ ಬೇರೆ. ಸೀಸದ ಗುಂಡುಗಳು ಒಂದಕ್ಕೊಂದು ಉಜ್ಜಿ ಬೂದು ಪುಡಿ ಹುಟ್ಟುತ್ತದೆ, ಅದು ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳ ಮಿದುಳಿಗಂತೂ ಅದು ತೀರದ ಹಾನಿ ಮಾಡುತ್ತದೆ. ಸೆಟ್ಟಿನಲ್ಲಿ ಬಾಲನಟರೂ ಇರುತ್ತಾರೆ, ಬೇರೆಯವರ ಮನೆಯಲ್ಲಿ ಚಿತ್ರೀಕರಿಸುವಾಗ ಅಂಬೆಗಾಲಿಡುವ ಮಗುವೂ ಆ ನೆಲವನ್ನು ಮರುದಿನ ಬಳಸುತ್ತದೆ. ಇಷ್ಟೆಲ್ಲ ಅಪಾಯಕ್ಕೆ ಬದಲಾಗಿ ಸಿಗುವುದೇನು? ನಾನು ನೆನಪಿಡಲು ಹೇಳಿದ ಸಂಖ್ಯೆಗಳಿಗೆ ಮರಳಿ: 10 ಕಿಲೋಗೆ ಉಕ್ಕು 2.1 ಲೀಟರ್, ಸೀಸ 1.5 ಲೀಟರ್. ಮರಳಿನಿಂದ ಉಕ್ಕಿಗೆ ಬಂದಾಗ ನಾಲ್ಕು ಲೀಟರಿಗೂ ಹೆಚ್ಚು ಉಳಿತಾಯವಾಗಿತ್ತು. ಉಕ್ಕಿನಿಂದ ಸೀಸಕ್ಕೆ ಹೋದರೆ ಉಳಿಯುವುದು ಬರೀ ಅರ್ಧ ಲೀಟರಿನ ಮೇಲೆ ಸ್ವಲ್ಪ. ಅಷ್ಟಕ್ಕಾಗಿ ಯಾರೂ ಹೊಸದಾಗಿ ಸೀಸ ತುಂಬಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಸೀಸದ ಚೀಲಗಳು ನಿಮ್ಮಲ್ಲಿದ್ದರೆ ಹೊಲಿಗೆ ಬಿಚ್ಚದೆ, ಮೇಲೆ ಸ್ಪಷ್ಟವಾಗಿ ಸೀಸ ಎಂದು ಬರೆದು, ಬೇರೆಯಾಗಿ ಇಡಿ. ಹರಿದದ್ದನ್ನು ಸೂಜಿದಾರ ಹಿಡಿದು ರಿಪೇರಿ ಮಾಡಲು ಕೂರಬೇಡಿ.

ಸಾಂದ್ರ ವಸ್ತುವಿನ ಇನ್ನೊಂದು ತೊಡಕನ್ನು ಯಾರೂ ಹೇಳುವುದಿಲ್ಲ. ಚಿಕ್ಕ ಚೀಲ ಕಣ್ಣಿಗೆ ಹಗುರವಾಗಿ ಕಾಣುತ್ತದೆ. ಹೊಸಬರು ಬಗ್ಗಿ ಒಂದೇ ಕೈಯಲ್ಲಿ ಸರ್ರನೆ ಎತ್ತಲು ಹೋಗುತ್ತಾರೆ, ಸೊಂಟ ಹಿಡಿಯುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಎತ್ತುವಿಕೆಯ ಸೂತ್ರದಲ್ಲಿ, ಎಲ್ಲ ಅನುಕೂಲವೂ ಇರುವಾಗ ಒಬ್ಬರು ಎತ್ತಬಹುದಾದ ಗರಿಷ್ಠ ಭಾರ 23 ಕಿಲೋ. ಬಗ್ಗಿದಷ್ಟೂ, ಮೈಯಿಂದ ದೂರ ಹಿಡಿದಷ್ಟೂ ಆ ಮಿತಿ ಇಳಿಯುತ್ತದೆ. ಜಾಗ ಉಳಿಯಿತೆಂದು ಉಕ್ಕಿನ ಚೀಲವನ್ನು 20 ಕಿಲೋ ಮಾಡಬೇಡಿ. ತೂಕವನ್ನು ಚೀಲದ ಎರಡೂ ಬದಿಗೆ ದೊಡ್ಡ ಅಂಕಿಯಲ್ಲಿ ಬರೆಯಿರಿ, ತೂಕಕ್ಕೊಂದು ಬಣ್ಣದ ಹಿಡಿಕೆ ಹೊಲಿಸಿದರೆ ಇನ್ನೂ ಒಳ್ಳೆಯದು.

ನೀರಿನ ಚೀಲ ಪ್ರಯಾಣಿಕರ ಸಂಗಾತಿ. ಖಾಲಿ ಮಡಚಿ ಒಯ್ದು ಅಲ್ಲಿ ತುಂಬಿಸಿಕೊಳ್ಳಬಹುದು. ವಿದ್ಯುತ್ ತಂತಿಗಳಿರುವ ಕಡೆ ಮಾತ್ರ ಅದನ್ನು ತರಬೇಡಿ, ಕೊರೆಯುವ ಚಳಿಯಲ್ಲಿ ರಾತ್ರಿ ಬಿಡಬೇಡಿ. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗಿ ಅಂಚಿನ ಬೆಸುಗೆಯನ್ನು ಒಡೆಯುತ್ತದೆ. ದೂರದೂರಿಗೆ ಹೋದಾಗ ಅಲ್ಲಿನ ಮಣ್ಣು ತುಂಬಿಕೊಂಡು, ಅದೇ ಚೀಲದೊಂದಿಗೆ ಹಿಂದಿರುಗುವವರೂ ಇದ್ದಾರೆ. ಮಣ್ಣಿನಲ್ಲಿ ಬೀಜ, ಹುಳು, ಬೇರು ಎಲ್ಲ ಇರುತ್ತವೆ, ಅನೇಕ ದೇಶಗಳು ಗಡಿಯಲ್ಲಿ ಅದನ್ನು ಒಳಗೆ ಬಿಡುವುದಿಲ್ಲ. ಹೊರಡುವ ಮುನ್ನ ಸುರಿದು, ಝಾಡಿಸಿ ಬನ್ನಿ.

ಕೈಗೆ ಸಿಕ್ಕಿದ್ದನ್ನು ತುಂಬಿದವರ ಪಟ್ಟಿ ಉದ್ದವಿದೆ, ಬೇಗ ದಾಟಿಬಿಡುತ್ತೇನೆ. ಧಾನ್ಯ ತುಂಬಿದರೆ ಹುಳು ಬರುತ್ತದೆ, ಹುಳುವಿನ ಹಿಂದೆ ಇಲಿ ಬರುತ್ತದೆ. ಉಪ್ಪು, ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ತಾನೇ ಕರಗಲು ಶುರುಮಾಡುತ್ತದೆ. ಸಿಮೆಂಟ್ ಒಮ್ಮೆ ನೆನೆದರೆ ಕಲ್ಲಾಗುತ್ತದೆ, ಕಲ್ಲಾಗುವ ಮೊದಲು, ಒದ್ದೆಯಿರುವಾಗ, ಚರ್ಮ ಸುಡುತ್ತದೆ. ಹಳೆಯ ಬೋಲ್ಟು ನಟ್ಟುಗಳು ಚೀಲವನ್ನು ಒಳಗಿನಿಂದ ಚುಚ್ಚುತ್ತವೆ.

ತುಂಬುವ ಕ್ರಮ ಹೀಗೆ. ಚೀಲದ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಬಿಗಿದ ಚೀಲ ಕಾಲಿನ ಮೇಲೆ ಬಾಗುವ ಬದಲು ಉರುಳುತ್ತದೆ. ಕಾಲಿನ ಎರಡೂ ಬದಿಗೆ ಜೋತುಬೀಳುವ ಚೀಲದ ಎರಡು ಮಡಿಲುಗಳಿಗೂ ಬೇರೆ ಬೇರೆ ಒಳಚೀಲ ಮಾಡಿ, ಬೇರೆ ಬೇರೆ ತೂಗಿ. ಒಂದು ಮಡಿಲಿನಲ್ಲಿ ಅರ್ಧ ಕಿಲೋ ಹೆಚ್ಚಿದ್ದರೂ ಚೀಲ ಆ ಕಡೆಗೆ ಜಾರುತ್ತದೆ. ಬೆಸೆಯುವ ಮುನ್ನ ಗಾಳಿಯನ್ನು ಒತ್ತಿ ತೆಗೆಯಿರಿ, ಇಲ್ಲವಾದರೆ ಯಾರಾದರೂ ಚೀಲದ ಮೇಲೆ ಕೂತಾಗ ಒಳಚೀಲ ಬಲೂನಿನಂತೆ ಒಡೆಯುತ್ತದೆ. ಕೂತೇ ಕೂರುತ್ತಾರೆ, ಊಟದ ಬಿಡುವಿನಲ್ಲಿ ಅದಕ್ಕಿಂತ ಮೆತ್ತನೆಯ ಆಸನ ಸೆಟ್ಟಿನಲ್ಲಿ ಇರುವುದಿಲ್ಲ.

ಸಭೆಯಿಂದ ಒಂದು ಪ್ರಶ್ನೆ ಬಂದಿದೆ: ಗುಂಡುಗಳ ನಡುವೆ ಶೇಕಡಾ 40ರಷ್ಟು ಗಾಳಿಯೇ ಇದ್ದರೆ ಅಲ್ಲಿಗೆ ಮರಳು ತುಂಬಬಾರದೇಕೆ? ಒಳ್ಳೆಯ ಪ್ರಶ್ನೆ, ನಾನೂ ಇದನ್ನು ಮಾಡಿ ನೋಡಿದವನೇ. ಲೆಕ್ಕದ ಪ್ರಕಾರ ಒಂದು ಲೀಟರ್ ಉಕ್ಕಿನ ಗುಂಡಿನ ಸಂದಿಗಳಿಗೆ 0.4 ಲೀಟರ್ ಮರಳು ಹಿಡಿಯಬೇಕು, ಅಂದರೆ ಸುಮಾರು 640 ಗ್ರಾಂ ಹೆಚ್ಚು, 4.7 ಕಿಲೋ ಇದ್ದದ್ದು 5.3 ಕಿಲೋ ಆಗಬೇಕು. ನಾನು ಎರಡು ಚೀಲಗಳನ್ನು ಹಾಗೆ ತುಂಬಿಸಿ, ತುಂಬಾ ಜಾಣತನ ಮಾಡಿದೆನೆಂದು ಬೀಗಿದ್ದೆ. ವಾಹನದಲ್ಲಿ ಕುಲುಕಿ ಕುಲುಕಿ ಮರಳೆಲ್ಲ ತಳಕ್ಕಿಳಿಯಿತು, ಗುಂಡುಗಳು ಮೇಲೆ ಬಂದವು, ಚೀಲ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಚಪ್ಪಟೆಯಾಯಿತು. ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಉಳಿದಿದ್ದ ತೇವ ಉಕ್ಕಿಗೆ ಸಾಕಾಗಿತ್ತು. ವರ್ಷ ಕಳೆದು ಕತ್ತರಿಸಿ ಹಳೆಯ ಪತ್ರಿಕೆಯ ಮೇಲೆ ಸುರಿದಾಗ ಮರಳು ಇಟ್ಟಿಗೆಯ ಪುಡಿಯ ಬಣ್ಣಕ್ಕೆ ತಿರುಗಿತ್ತು. ಅಯಸ್ಕಾಂತ ಆಡಿಸಿದೆ, ಗುಂಡುಗಳು ಬಂದವು, ಅವುಗಳ ಮೈಗೆ ಅಂಟಿದ ಮರಳೂ ಉಂಡೆಯುಂಡೆಯಾಗಿ ಜೊತೆಗೇ ಬಂತು.